ಉತ್ತರ ಗೊತ್ತಿಲ್ಲದವರಿಗೆ ವಿಳಾಸ ಹೇಗೆ ಗೊತ್ತಿರಬೇಕು?

ಪ್ರಶ್ನೆ (ಶಿರಸಿಯ ಓದುಗರೊಬ್ಬರಿಂದ):

ಸರ್, ನಮ್ಮದು ಸಣ್ಣ ಅಂಗಡಿ. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಬಗೆಯ ಉಬುಂಟು 16.04 ಹಾಕಿಕೊಂಡು, ದಿನದ ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಸರಕಿನ ಹೆಸರುಗಳೆಲ್ಲ ಕನ್ನಡದಲ್ಲೇ ಇವೆ. ನಾನೇ ಓಡಿಸಿದರೆ ಸರಿಯಾಗಿ ಓಡುತ್ತದೆ. ರಾತ್ರಿ 10ಕ್ಕೆ ತಾನಾಗಿ ಓಡಲಿ ಎಂದು, ಹೇಳಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ಹಾಕಿದರೆ ಏನೂ ಆಗುವುದಿಲ್ಲ. ಮೂರು ಪ್ರಶ್ನೋತ್ತರ ತಾಣಗಳಲ್ಲಿ ಇಂಗ್ಲಿಷ್‌ನಲ್ಲಿ ಕೇಳಿದೆ. ಒಂದು ಕಡೆ ‘ಇದು ಪ್ರೋಗ್ರಾಮಿಂಗ್ ಪ್ರಶ್ನೆ ಅಲ್ಲ’ ಎಂದು ಮುಚ್ಚಿದರು. ಅಲ್ಲೊಬ್ಬರು ಹೇಳಿದ ಕಡೆಗೆ ಹೋದರೆ ‘ಇದು ಕಂಪನಿ ಸರ್ವರ್ ನೋಡಿಕೊಳ್ಳುವವರಿಗೆ’ ಎಂದರು. ಮೂರನೆಯ ಕಡೆ ‘ನಿಮ್ಮ ಉಬುಂಟು ಹಳೆಯದು’ ಎಂದರು. ಒಂದು ಪ್ರಶ್ನೆಗೆ ಎಷ್ಟು ಬಾಗಿಲು ತಟ್ಟುವುದು? ಅವರೇ ಸರಿಯಾದ ಕಡೆಗೆ ದಾಟಿಸಬಾರದೇ? ಇನ್ನೊಂದು ಮಾತು. ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಲಿನಕ್ಸ್ ಪ್ರಶ್ನೆಗಳಿಗೆ ನಾನೂ ಉತ್ತರ ಹೇಳುತ್ತೇನೆ. ಅಲ್ಲಿ ಸಂಬಂಧವಿಲ್ಲದ ಪ್ರಶ್ನೆ ಬಂದರೆ, ಕೇಳಿದವರಿಗೆ ಬೇಸರವಾಗದ ಹಾಗೆ ಬೇರೆ ಕಡೆ ಕಳಿಸುವುದು ಹೇಗೆ?

ಉತ್ತರ:

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ತಪ್ಪು ತಿಳಿಯಬೇಡಿ. ಆ ಮೂರು ಕಾರಣಗಳನ್ನು ಒಂದೊಂದಾಗಿ ನೋಡಿದರೆ ಮೂರೂ ನಿಯಮದ ಪ್ರಕಾರ ಸರಿಯಾಗಿಯೇ ಇವೆ. ಆದರೆ ನಿಮ್ಮ ರಾತ್ರಿ ಲೆಕ್ಕ ಮಾತ್ರ ಇನ್ನೂ ಓಡಿಲ್ಲ. ‘ಇದು ನಮ್ಮ ಟೇಬಲ್ ಅಲ್ಲ, ಆ ಟೇಬಲ್‌ಗೆ ಹೋಗಿ’ ಎಂದು ಕಚೇರಿಯಲ್ಲಿ ಮಧ್ಯಾಹ್ನದವರೆಗೆ ತಿರುಗಿಸಿದ ಹಾಗಾಯಿತು.

ಕಚೇರಿಯ ಮಾತು ಬಂತಲ್ಲ, ಅಲ್ಲಿ ನಮಗೆ ಒಂದು ಅನುಕೂಲವಿದೆ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 6(3) ಪ್ರಕಾರ, ನೀವು ಕೇಳಿದ ಮಾಹಿತಿ ಬೇರೆ ಇಲಾಖೆಯಲ್ಲಿದ್ದರೆ, ಅರ್ಜಿ ತೆಗೆದುಕೊಂಡವರೇ ಅದನ್ನು 5 ದಿನದೊಳಗೆ ಆ ಇಲಾಖೆಗೆ ಕಳಿಸಬೇಕು. ಕಳಿಸಿದ್ದೇವೆ ಎಂದು ನಿಮಗೂ ತಿಳಿಸಬೇಕು. ನೀವು ಪ್ರಶ್ನೋತ್ತರ ತಾಣಗಳಿಂದ ಬಯಸುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ, ಅಲ್ವಾ? ಆದರೆ ಅಲ್ಲಿ ಕೂತಿರುವವರು ಸಂಬಳಕ್ಕೆ ಕೂತವರಲ್ಲ. ಕೆಲಸ ಮುಗಿಸಿ ಬಂದು, ಬಿಡುವಿದ್ದರೆ ಉತ್ತರ ಬರೆಯುವವರು. ಅವರ ಮೇಲೆ ಯಾವ ಸೆಕ್ಷನ್ನೂ ಇಲ್ಲ. ಆದರೂ ದಾಟಿಸುವ ವ್ಯವಸ್ಥೆ ಇದೆ. ಅದು ಹೇಗೆ ನಡೆಯುತ್ತದೆ, ನಿಮ್ಮಂಥ ಪ್ರಶ್ನೆಗೆ ಯಾಕೆ ಸಿಗುವುದಿಲ್ಲ ಎಂದು ಹೇಳುತ್ತೇನೆ. ಸ್ಟಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ತಾಣಗಳ ಬಳಗವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರ ನಿಯಮಗಳೆಲ್ಲ ಬಯಲಲ್ಲೇ ಇವೆ.

ಮೊದಲು ಬಂದಿದ್ದು ಸ್ಟಾಕ್ ಓವರ್‌ಫ್ಲೋ. ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪಾಲ್‌ಸ್ಕಿ 2008ರಲ್ಲಿ ಅದನ್ನು ಶುರು ಮಾಡಿದರು. ಕೋಡ್ ಬರೆಯುವವರಿಗೆ ಮಾತ್ರ ಎಂಬುದು ಅದರ ನಿಯಮ. ಆದರೆ ಜನ ಸುಮ್ನಿರುತ್ತಾರೆಯೇ? ಸರ್ವರ್ ಬಗ್ಗೆ ಕೇಳಿದರು, ಪ್ರಿಂಟರ್ ಬಗ್ಗೆಯೂ ಕೇಳಿದರು. ಹಾಗಾಗಿ 2009ರಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಸರ್ವರ್ ಫಾಲ್ಟ್, ಸಾಮಾನ್ಯ ಕಂಪ್ಯೂಟರ್ ಬಳಕೆದಾರರಿಗೆ ಸೂಪರ್ ಯೂಸರ್ ಬಂದವು. 2010ರಿಂದ ಏರಿಯಾ 51 ಎಂಬಲ್ಲಿ ಜನರೇ ಹೊಸ ತಾಣಗಳನ್ನು ಪ್ರಸ್ತಾಪಿಸತೊಡಗಿದರು. ಉಬುಂಟುಗೆ ಒಂದು, ಯೂನಿಕ್ಸ್ ಮತ್ತು ಲಿನಕ್ಸ್‌ಗೆ ಒಂದು, ಡೇಟಾಬೇಸ್‌ಗೆ ಒಂದು, ಸಂಖ್ಯಾಶಾಸ್ತ್ರಕ್ಕೆ ಒಂದು, ಅಡುಗೆಗೂ ಒಂದು. ಈಗ 170ಕ್ಕೂ ಹೆಚ್ಚು ತಾಣಗಳಿವೆ.

ನಿಮ್ಮ ಕ್ರಾನ್ ಪ್ರಶ್ನೆ ಇರುವುದು ನಾಲ್ಕೈದು ಹೊಲಗಳ ಬೇಲಿ ಕೂಡುವ ಮೂಲೆಯಲ್ಲಿ. ತಪ್ಪು ಕೋಡ್‌ನಲ್ಲಿದ್ದರೆ ಅದು ಸ್ಟಾಕ್ ಓವರ್‌ಫ್ಲೋಗೆ ಸೇರುತ್ತದೆ. ಕೋಡ್ ಸರಿಯಿದ್ದು ಯಂತ್ರದ ಸೆಟ್ಟಿಂಗ್ ತಪ್ಪಿದ್ದರೆ ಸೇರುವುದಿಲ್ಲ. ಸರ್ವರ್ ಫಾಲ್ಟ್ ಇರುವುದು ಉದ್ಯೋಗವಾಗಿ ಸಿಸ್ಟಮ್ ನೋಡಿಕೊಳ್ಳುವವರಿಗೆ. ಮನೆಯ ಲ್ಯಾಪ್‌ಟಾಪ್ ಅಲ್ಲಿಗೆ ಹೊರಗಿನದು. ಆಸ್ಕ್ ಉಬುಂಟು ತಾಣ ಬೆಂಬಲ ಇರುವ ಆವೃತ್ತಿಗಳ ಪ್ರಶ್ನೆ ಮಾತ್ರ ತೆಗೆದುಕೊಳ್ಳುತ್ತದೆ, 16.04ರ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ನಲ್ಲೇ ಮುಗಿಯಿತು. ಉಳಿದಿದ್ದು ಯೂನಿಕ್ಸ್ ಅಂಡ್ ಲಿನಕ್ಸ್ ತಾಣ. ಯಾವ ಲಿನಕ್ಸ್ ಆದರೂ ಸರಿ, ಮನೆಯದಾದರೂ ಸರಿ. ನೀವು ಮೊದಲ ದಿನವೇ ಹೋಗಬಹುದಾಗಿದ್ದ ಕಡೆ ಅದು. ಆದರೆ ನಿಮಗೆ ಅದನ್ನು ಯಾರೂ ಹೇಳಿಲ್ಲ.

ಇಷ್ಟೊಂದು ಬೇಲಿ ಯಾಕೆ ಬೇಕು ಎಂದು ಸಿಟ್ಟು ಬರುವುದು ಸಹಜ. ‘ಉತ್ತರ ಗೊತ್ತಿದ್ದರೆ ಹೇಳಿಬಿಡಲಿ, ಜಾಗ ಯಾವುದಾದರೇನು’ ಎಂದು ನಾನೂ ಮೊದಮೊದಲು ಜಗಳ ಮಾಡಿದ್ದೇನೆ. ಬರಬರುತ್ತ ಒಂದು ಕಾರಣ ಮಾತ್ರ ನನಗೆ ಒಪ್ಪಿಗೆಯಾಯಿತು. ಪೈಥಾನ್ ಬಲ್ಲವರು ಪೈಥಾನ್ ಟ್ಯಾಗ್ ಇರುವ ಪ್ರಶ್ನೆಗಳನ್ನು ನೋಡುತ್ತ ಕೂತಿರುತ್ತಾರೆ. ಅವರ ನಡುವೆ ಕ್ರಾನ್ ಬಗ್ಗೆ ಕೇಳಿದರೂ ಯಾರೋ ಒಬ್ಬರು ಏನೋ ಒಂದು ಉತ್ತರ ಹಾಕುತ್ತಾರೆ. ಆ ಉತ್ತರ ತಪ್ಪಿದ್ದರೆ ತಪ್ಪು ಎನ್ನುವವರು ಅಲ್ಲಿ ಇರುವುದಿಲ್ಲ. ನಾಲ್ಕು ಜನ ಮೆಚ್ಚಿ ವೋಟು ಹಾಕಿ, ಅದೇ ತಪ್ಪು ಗೂಗಲ್‌ನಲ್ಲಿ ಮೇಲೆ ಬಂದು ಕೂರುತ್ತದೆ. ಸರಿಯಾದ ಜಾಗದಲ್ಲಿ ಕೇಳಿದರೆ ಉತ್ತರ ಬೇಗ ಸಿಗುತ್ತದೆ ಅನ್ನುವುದಕ್ಕಿಂತ, ತಪ್ಪು ಉತ್ತರ ಬೇಗ ಸಿಕ್ಕಿಬೀಳುತ್ತದೆ ಅನ್ನುವುದೇ ನನಗೆ ದೊಡ್ಡ ಲಾಭವಾಗಿ ಕಾಣುತ್ತದೆ.

ಈಗ ದಾಟಿಸುವ ವಿಷಯ. ಅಲ್ಲಿ ಇದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ಪ್ರಶ್ನೆ, ಅದಕ್ಕೆ ಬಂದ ಉತ್ತರಗಳು, ಕಾಮೆಂಟುಗಳು ಎಲ್ಲ ಒಟ್ಟಿಗೆ ಇನ್ನೊಂದು ತಾಣಕ್ಕೆ ಹೋಗುತ್ತವೆ. ನೀವು ಅಲ್ಲಿಯೂ ಅದೇ ಲಾಗಿನ್‌ನಿಂದ ಖಾತೆ ತೆರೆದರೆ ಪ್ರಶ್ನೆ ನಿಮ್ಮ ಹೆಸರಿಗೇ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಯಾರು ಬೇಕಾದರೂ ದಾಟಿಸಲು ಆಗುವುದಿಲ್ಲ. ಮುಚ್ಚಲು ವೋಟು ಹಾಕುವ ಹಕ್ಕು ಬರುವುದೇ 3,000 ರೆಪ್ಯುಟೇಶನ್ (ಜನ ಮೆಚ್ಚಿದ್ದಕ್ಕೆ ಸಿಗುವ ಅಂಕ) ಆದ ಮೇಲೆ. ಹಾಗೆ ವೋಟು ಹಾಕುವವರಿಗೂ ಮೊದಲೇ ಗೊತ್ತುಮಾಡಿದ ಕೆಲವೇ ತಾಣಗಳು ಪಟ್ಟಿಯಲ್ಲಿ ಕಾಣುತ್ತವೆ, ಹೆಚ್ಚೆಂದರೆ 5. ಪಟ್ಟಿಯಲ್ಲಿ ಇಲ್ಲದ ಕಡೆಗೆ ಕಳಿಸಬೇಕಾದರೆ ತಾಣದ ಮೇಲ್ವಿಚಾರಕರಾದ ಮಾಡರೇಟರ್ ಬೇಕು. ಪ್ರಶ್ನೆ ಕೇಳಿ 60 ದಿನ ದಾಟಿದ್ದರೆ ಅವರೂ ಕಳಿಸುವಂತಿಲ್ಲ. ಇನ್ನು ಹೋದ ಕಡೆಯವರು ‘ಇದು ನಮಗೆ ಬೇಡ’ ಎಂದು ಮುಚ್ಚಿದರೆ ಪ್ರಶ್ನೆ ವಾಪಸ್ ಬಂದು, ಮುಚ್ಚಿದ ಸ್ಥಿತಿಯಲ್ಲೇ ಹಳೆಯ ಜಾಗದಲ್ಲಿ ಬೀಳುತ್ತದೆ. ತವರಿನವರೂ ಬೇಡ, ಅತ್ತೆಮನೆಯವರೂ ಬೇಡ ಅಂದ ಹಾಗೆ.

ಇಷ್ಟು ಬಿಗಿ ಯಾಕೆಂದರೆ, ಮೊದಲು ಸಡಿಲ ಬಿಟ್ಟು ಕೈ ಸುಟ್ಟುಕೊಂಡಿದ್ದಾರೆ. ಪ್ರೋಗ್ರಾಮರ್ಸ್ ಎಂಬ ತಾಣದ ಕಥೆ ಕೇಳಿ. ಅದು 2010ರಲ್ಲಿ ಏರಿಯಾ 51ರಲ್ಲಿ ಹುಟ್ಟಿದ್ದು. ಮೊದಲ ಪ್ರಸ್ತಾಪದ ಹೆಸರೇ ‘ಪ್ರೋಗ್ರಾಮಿಂಗ್‌ಗೆ ಸಂಬಂಧಿಸದ್ದು’ ಎಂಬರ್ಥದ್ದು. ಸ್ಟಾಕ್ ಓವರ್‌ಫ್ಲೋದಲ್ಲಿ ಯಾವ ಪ್ರಶ್ನೆ ಹೊಂದದಿದ್ದರೂ ‘ಪ್ರೋಗ್ರಾಮರ್ಸ್‌ನಲ್ಲಿ ಕೇಳಿ’ ಎಂದು ಕಾಮೆಂಟು ಹಾಕುವುದು ರೂಢಿಯಾಯಿತು. ಹೇಳಿದವರಲ್ಲಿ ಎಷ್ಟೋ ಜನ ಆ ತಾಣದ ನಿಯಮ ಓದಿಯೇ ಇರಲಿಲ್ಲ, ಹೆಸರು ನೋಡಿ ಕಳಿಸುತ್ತಿದ್ದರು. ಅಲ್ಲಿಯವರು ಪಾಪ, ಸಾಫ್ಟ್‌ವೇರ್ ವಿನ್ಯಾಸದ ಗಟ್ಟಿ ಚರ್ಚೆ ಮಾಡಲು ಕೂತವರು. ಅವರಿಗೆ ದಿನಾ ‘ಯಾವ ಭಾಷೆ ಕಲಿಯಲಿ’, ‘ಯಾವ ಕೆಲಸಕ್ಕೆ ಸೇರಲಿ’ ಎಂಬ ಪ್ರಶ್ನೆಗಳ ರಾಶಿ. ಬಂದಿದ್ದನ್ನು ಮುಚ್ಚುವುದೇ ಕೆಲಸ. ಕೊನೆಗೆ 2016ರಲ್ಲಿ ಹೆಸರನ್ನೇ ಸಾಫ್ಟ್‌ವೇರ್ ಎಂಜಿನಿಯರಿಂಗ್ ಎಂದು ಬದಲಿಸಿಕೊಂಡರು. ಇಂಥ ಅನುಭವಗಳಿಂದಲೇ ಆ ಬಳಗದಲ್ಲಿ ಒಂದು ಮಾತು ಬಳಕೆಗೆ ಬಂತು: ಕಸವನ್ನು ದಾಟಿಸಬೇಡಿ. ನಮ್ಮ ಅಂಗಳ ಗುಡಿಸಿ ಪಕ್ಕದ ಮನೆ ಅಂಗಳಕ್ಕೆ ತಳ್ಳಬೇಡಿ ಎಂದರ್ಥ. ಪ್ರಶ್ನೆ ಎಲ್ಲ ರೀತಿಯಿಂದ ಗಟ್ಟಿಯಾಗಿದ್ದು, ಜಾಗ ಮಾತ್ರ ತಪ್ಪಾಗಿದ್ದರೆ ದಾಟಿಸಬೇಕು. ಇಲ್ಲವೆಂದರೆ ಮುಚ್ಚಬೇಕು.

ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಯನ್ನು ನಾನಾಗಿದ್ದರೂ ದಾಟಿಸುತ್ತಿರಲಿಲ್ಲ. ಕಾರಣ ಒಂದೇ, ‘ಏನೂ ಆಗುವುದಿಲ್ಲ’ ಎಂಬ ಮಾತು. ಅಷ್ಟರಿಂದ ಯಾವ ತಾಣದವರೂ ಏನನ್ನೂ ಹೇಳಲಾರರು.

ಆದರೆ ಇಲ್ಲಿ ನಿಮ್ಮ ಪರವಾಗಿಯೂ ಒಂದು ಮಾತಿದೆ. ಆ ತಾಣಗಳವರು ಜಾಸ್ತಿ ಯೋಚಿಸದ ಮಾತು ಅದು. ನಿಮ್ಮ ಪ್ರಶ್ನೆಯ ಸರಿಯಾದ ವಿಳಾಸ ಇರುವುದು ಅದರ ಉತ್ತರದೊಳಗೆ. ದೋಷ ಎಲ್ಲಿದೆ ಎಂದು ಗೊತ್ತಾದರೆ ಎಲ್ಲಿ ಕೇಳಬೇಕೆಂದು ಗೊತ್ತಾಗುತ್ತದೆ. ಅದು ಗೊತ್ತಿಲ್ಲವೆಂದೇ ಅಲ್ವಾ ನೀವು ಕೇಳಲು ಹೊರಟಿದ್ದು? ಹೊಟ್ಟೆನೋವು ಎಂದು ಬಂದವರಿಗೆ ‘ಕರುಳಿನದ್ದೋ ಪಿತ್ತಕೋಶದ್ದೋ ಮೊದಲು ತಿಳಿದುಕೊಂಡು ಬನ್ನಿ’ ಎಂದ ಹಾಗೆ. ಈ ಗಂಟು ಪೂರ್ತಿ ಬಿಚ್ಚುವುದಿಲ್ಲ. ಅರ್ಧ ಬಿಚ್ಚಬಹುದು. ನಿಮ್ಮ ಕ್ರಾನ್‌ನಲ್ಲೇ ತೋರಿಸುತ್ತೇನೆ.

ಏನೂ ಆಗಿಲ್ಲ ಎಂದು ನಿಮಗೆ ಅನ್ನಿಸಿದೆ, ಆದರೆ ಏನೋ ಆಗಿರುತ್ತದೆ. ಕ್ರಾನ್ ಒಂದು ಕೆಲಸ ಓಡಿಸಿದಾಗ ಅದರ ಮಾತು, ದೂರು ಎಲ್ಲವನ್ನೂ ಆ ಯಂತ್ರದೊಳಗೇ ನಿಮ್ಮ ಖಾತೆಗೆ ಮೈಲ್ ಮಾಡಲು ನೋಡುತ್ತದೆ. ಮನೆಯ ಉಬುಂಟುವಿನಲ್ಲಿ ಸಾಮಾನ್ಯವಾಗಿ ಮೈಲ್ ಕಳಿಸುವ ಪ್ರೋಗ್ರಾಂ ಇರುವುದಿಲ್ಲ. ಆಗ ಕ್ರಾನ್ ಆ ದೂರನ್ನು ಬಿಸಾಡಿ, ಬಿಸಾಡಿದೆ ಎಂದು ಸಿಸ್ಟಮ್ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಆ ದೂರನ್ನು ಹಿಡಿಯುವುದು ಸುಲಭ. ಕ್ರಾನ್ ಸಾಲಿನ ಕೊನೆಗೆ >> ಹಾಕಿ, ಒಂದು ಲಾಗ್ ಫೈಲಿನ ಪೂರ್ತಿ ಹಾದಿ ಬರೆದು, ಅದರ ಮುಂದೆ 2>&1 ಎಂದು ಸೇರಿಸಿ. ಇನ್ನು ಮೇಲೆ ಸ್ಕ್ರಿಪ್ಟ್ ಏನೇ ಗೊಣಗಿದರೂ ಆ ಫೈಲಿಗೆ ಬಂದು ಬೀಳುತ್ತದೆ.

ನನ್ನ ಅನುಮಾನ ಮೂರು ಕಡೆ ಇದೆ. ಒಂದು, ನಿಮ್ಮ ಸ್ಕ್ರಿಪ್ಟ್ ಲೆಕ್ಕದ ಫೈಲನ್ನು ಬರೀ ಹೆಸರಿನಿಂದ ತೆರೆಯುತ್ತಿರಬಹುದು. ನೀವು ಓಡಿಸುವಾಗ ಆ ಫೋಲ್ಡರಿನೊಳಗೇ ನಿಂತಿರುತ್ತೀರಿ. ಕ್ರಾನ್ ನಿಂತಿರುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ಅದಕ್ಕೆ ಫೈಲ್ ಕಾಣುವುದಿಲ್ಲ. ಪೂರ್ತಿ ಹಾದಿ ಕೊಟ್ಟರೆ ಮುಗಿಯಿತು, ಯಾರನ್ನೂ ಕೇಳಬೇಕಾಗಿಲ್ಲ. ಎರಡು, ಸ್ಕ್ರಿಪ್ಟ್ ಬೇರೆ ಯಾವುದಾದರೂ ಕಮಾಂಡ್ ಕರೆಯುತ್ತಿದ್ದರೆ ಅದು ಕ್ರಾನ್‌ಗೆ ಸಿಗದಿರಬಹುದು. ಕ್ರಾನ್‌ಗೆ ಕಮಾಂಡ್ ಹುಡುಕಲು ಕೊಟ್ಟಿರುವ ಫೋಲ್ಡರುಗಳು ಒಂದೆರಡು ಮಾತ್ರ, ನೀವು ಕಮಾಂಡ್ ಬರೆದು ಓಡಿಸುವ ಟರ್ಮಿನಲ್‌ನಲ್ಲಿ ಇರುವಷ್ಟು ಇಲ್ಲ. ಇದು ಯೂನಿಕ್ಸ್ ಅಂಡ್ ಲಿನಕ್ಸ್ ತಾಣಕ್ಕೆ ಹೇಳಿ ಮಾಡಿಸಿದ ಪ್ರಶ್ನೆ.

ಮೂರನೆಯದು ನಮ್ಮಂಥವರಿಗೆ ಮಾತ್ರ ಕಚ್ಚುವ ಹುಳ. ಉಬುಂಟು 16.04ರ ಜೊತೆ ಬರುವುದು ಪೈಥಾನ್ 3.5. ಸಿಸ್ಟಮ್‌ನ ಭಾಷಾ ಸೆಟ್ಟಿಂಗ್ ಕ್ರಾನ್‌ವರೆಗೆ ತಲುಪದಿದ್ದರೆ ಆ ಪೈಥಾನ್ ತನಗೆ ಆಸ್ಕಿ ಮಾತ್ರ ಗೊತ್ತು ಎಂದುಕೊಳ್ಳುತ್ತದೆ. ಆಸ್ಕಿ ಎಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ 128. ಅದರಲ್ಲಿ ‘ಅಡಿಕೆ’ಗೆ ಜಾಗವಿಲ್ಲ. ಮೊದಲ ಕನ್ನಡ ಹೆಸರು ಪ್ರಿಂಟ್ ಮಾಡುವಾಗಲೇ ಸ್ಕ್ರಿಪ್ಟ್ ಯೂನಿಕೋಡ್ ಎನ್‌ಕೋಡ್ ಎರರ್ ಎಂದು ಬಿದ್ದುಹೋಗುತ್ತದೆ. ಟರ್ಮಿನಲ್‌ನಲ್ಲಿ ಸೆಟ್ಟಿಂಗ್ ಸರಿಯಿರುವುದರಿಂದ ನೀವು ಓಡಿಸಿದಾಗ ಏನೂ ತೊಂದರೆ ಇಲ್ಲ. 2018ರ ಪೈಥಾನ್ 3.7ರಿಂದ ಇಂಥ ಕಡೆ ತಾನಾಗಿಯೇ ಎಲ್ಲ ಭಾಷೆಗಳ ಅಕ್ಷರಕ್ಕೂ ಜಾಗವಿರುವ ಯುಟಿಎಫ್-8ಗೆ ತಿರುಗಿಕೊಳ್ಳುವ ವ್ಯವಸ್ಥೆ ಬಂದಿದೆ. ಇಂಗ್ಲಿಷ್‌ನಲ್ಲಿ ಸರಕಿನ ಹೆಸರು ಬರೆದವರಿಗೆ ಈ ದೋಷ ಜನ್ಮದಲ್ಲಿ ಕಾಣುವುದಿಲ್ಲ. ಹಾಗಾಗಿ ಸರಕಿನ ಹೆಸರು ಕನ್ನಡದಲ್ಲಿವೆ ಎಂದು ನೀವು ಪ್ರಶ್ನೆಯಲ್ಲಿ ಹೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ. ನನಗೆ ಹೇಳಿದ್ದೀರಿ. ಅಲ್ಲಿ ಹೇಳಿದ್ದಿರೋ ಇಲ್ಲವೋ?

ಈಗ ನೋಡಿ. ಈ ಮೂರನೆಯದೇ ನಿಜವಾದರೆ ಅದು ಶುದ್ಧ ಪೈಥಾನ್ ಪ್ರಶ್ನೆ. ‘ಪ್ರೋಗ್ರಾಮಿಂಗ್ ಅಲ್ಲ’ ಎಂದು ಮೊದಲು ಮುಚ್ಚಿದರಲ್ಲ, ಅದೇ ಜಾತಿಯ ತಾಣಕ್ಕೇ ಸೇರಬೇಕಾದ್ದು! ಎರರ್‌ನ ಒಂದು ಸಾಲು ಸೇರಿದ್ದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಅಥವಾ ‘ಇದಕ್ಕೆ ಆಗಲೇ ಉತ್ತರ ಇದೆ’ ಎಂದು ಹಳೆಯ ಪ್ರಶ್ನೆಗೆ ಕೊಂಡಿ ಹಾಕಿ ಮುಚ್ಚುತ್ತಿದ್ದರು. ಜನ ಅದಕ್ಕೂ ಮುನಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಅದು ಮುಚ್ಚಿದ್ದೇ ಅಲ್ಲ, ಉತ್ತರ ಸಿಕ್ಕಿದ್ದು.

ಮತ್ತೆ ಕೇಳುವ ಮುನ್ನ ಕೆಲವು ಸಣ್ಣ ವಿಷಯಗಳು. ಮುಚ್ಚಿದ ಪ್ರಶ್ನೆಯನ್ನು ತಿದ್ದಿದರೆ ಅದನ್ನು ತೆರೆಯಬೇಕೋ ಬೇಡವೋ ಎಂದು ಮತ್ತೆ ನೋಡುವ ಸಾಲಿಗೆ ಹಾಕಿಸಬಹುದು. ಹಾಗಾಗಿ ಜಾಗ ಸರಿಯಿದ್ದರೆ ಅಲ್ಲೇ ತಿದ್ದಿ, ಹೊಸದಾಗಿ ಕೇಳಬೇಡಿ. ಜಾಗ ತಪ್ಪಿದ್ದರೆ ಬರೆದದ್ದನ್ನು ನಿಮ್ಮ ಹತ್ತಿರ ಉಳಿಸಿಕೊಳ್ಳಿ. ಯಾಕೆಂದರೆ ಮುಚ್ಚಿದ, ಉತ್ತರವಿಲ್ಲದ, ವೋಟೂ ಬಾರದ ಪ್ರಶ್ನೆಯನ್ನು ಯಾರೂ ತಿದ್ದದಿದ್ದರೆ ಸುಮಾರು 9 ದಿನದಲ್ಲಿ ಯಂತ್ರವೇ ಅಳಿಸಿಹಾಕುತ್ತದೆ. ಒಂದೇ ಪ್ರಶ್ನೆಯನ್ನು ಒಟ್ಟಿಗೆ ಎರಡು ಮೂರು ಕಡೆ ಹಾಕುವುದು ಮಾತ್ರ ಬೇಡ. ಒಂದು ಕಡೆ ಉತ್ತರ ಸಿಕ್ಕಿರುತ್ತದೆ, ಇನ್ನೊಂದು ಕಡೆ ಯಾರೋ ಪುಣ್ಯಾತ್ಮರು ಅದೇ ಪ್ರಶ್ನೆಗೆ ತಮ್ಮ ಸಂಜೆ ಕಳೆಯುತ್ತಿರುತ್ತಾರೆ. ಹಿಂದೆ ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಗುಂಪುಗಳ ಕಾಲದಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇತ್ತು. ಒಂದೇ ಸಂದೇಶವನ್ನು ಹಲವು ಗುಂಪುಗಳಿಗೆ ಕಾಣುವಂತೆ ಹಾಕಿ, ‘ಉತ್ತರಗಳು ಈ ಗುಂಪಿಗೆ ಮಾತ್ರ ಬರಲಿ’ ಎಂದು ಅದರ ತಲೆಯಲ್ಲೇ ಬರೆಯಬಹುದಾಗಿತ್ತು. ಇವತ್ತಿನ ತಾಣಗಳಲ್ಲಿ ಅಂಥದ್ದೊಂದು ಇಲ್ಲದ್ದು ನನಗೆ ಕೊರತೆಯಾಗಿಯೇ ಕಾಣುತ್ತದೆ.

ಇಂಗ್ಲಿಷ್ ಬಗ್ಗೆಯೂ ಹೇಳಬೇಕು. ಸ್ಟಾಕ್ ಓವರ್‌ಫ್ಲೋಗೆ ಪೋರ್ಚುಗೀಸ್, ಸ್ಪ್ಯಾನಿಷ್, ರಷ್ಯನ್, ಜಪಾನೀಸ್ ಭಾಷೆಗಳಲ್ಲಿ ಬೇರೆ ಬೇರೆ ತಾಣಗಳಿವೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಇಂಗ್ಲಿಷ್‌ನಲ್ಲೇ ಕೇಳಬೇಕು. ಆದರೆ ಇಂಗ್ಲಿಷ್ ಚೆಂದ ಇರಬೇಕಾಗಿಲ್ಲ. ಎರರ್ ಸಾಲನ್ನು ಇದ್ದಂತೆಯೇ ಅಂಟಿಸಿ, ಕ್ರಾನ್ ಸಾಲನ್ನು ಇದ್ದಂತೆಯೇ ಅಂಟಿಸಿ, ಸಮಸ್ಯೆ ತೋರಿಸುವಷ್ಟೇ ನಾಲ್ಕು ಸಾಲು ಕೋಡ್ ಹಾಕಿ. ನಡುವೆ ಎರಡು ವಾಕ್ಯ ಒರಟಾಗಿದ್ದರೆ ಯಾರಾದರೂ ತಿದ್ದಿಕೊಡುತ್ತಾರೆ.

ನಿಮ್ಮ ಟೆಲಿಗ್ರಾಂ ಗುಂಪಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಉಪದೇಶ ಮಾಡುವಂತಿಲ್ಲ, ನಾನೇ ತಪ್ಪು ಮಾಡಿದವನು. ಕೆಲವು ವರ್ಷದ ಹಿಂದೆ ಒಬ್ಬ ಕಾಲೇಜು ಹುಡುಗ, ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಕನ್ನಡ ಪ್ರಾಜೆಕ್ಟ್ ವರದಿ ಮಾಡುತ್ತಿದ್ದೇನೆ, ಒತ್ತಕ್ಷರ ಕೂಡುತ್ತಿಲ್ಲ, ಬಿಡಿಬಿಡಿಯಾಗಿ ಬರುತ್ತಿವೆ ಎಂದು ನನ್ನನ್ನು ಕೇಳಿದ. ಅವಸರದಲ್ಲಿದ್ದೆ. ‘ಇದು ಫಾಂಟಿನ ವಿಷಯ ಕಣಪ್ಪಾ, ಫಾಂಟ್ ಮಾಡುವವರ ಗುಂಪಿನಲ್ಲಿ ಕೇಳು’ ಎಂದೆ. ಅವರು ಫಾಂಟ್ ನೋಡಿ ಸರಿಯಿದೆ ಎಂದರು. ಸರಿಯಾಗಿಯೇ ಇತ್ತು. ಅವನು ಲೇಟೆಕ್‌ನ ಇನ್ನೊಂದು ರೂಪವಾದ ಝೀಲೇಟೆಕ್ ಬಳಸುತ್ತಿದ್ದ. ಫಾಂಟ್ ಹೆಸರು ಕೊಡುವ ಸಾಲಿನಲ್ಲಿ ಲಿಪಿ ಕನ್ನಡ ಎಂದು ಒಂದು ಮಾತು ಸೇರಿಸಬೇಕಿತ್ತು, ಅಷ್ಟೇ. ಲೇಟೆಕ್ ಬಳಸುವವರ ತಾಣದಲ್ಲಿ ಯಾರಾದರೂ ಒಂದೇ ನೋಟಕ್ಕೆ ಹೇಳುತ್ತಿದ್ದರು. ಹುಡುಗ ವರದಿಯನ್ನು ವರ್ಡ್‌ನಲ್ಲಿ ಮಾಡಿ ಕೊಟ್ಟ. ನನ್ನನ್ನು ಮತ್ತೆ ಏನೂ ಕೇಳಲಿಲ್ಲ.

ಅವತ್ತಿನಿಂದ ನಾನು ಯಾರನ್ನಾದರೂ ಬೇರೆ ಕಡೆ ಕಳಿಸುವ ಮುನ್ನ ಆ ಕಡೆಯ ನಿಯಮದ ಪುಟವನ್ನು ತೆರೆದು ಓದುತ್ತೇನೆ. ಎರಡು ನಿಮಿಷದ ಕೆಲಸ. ಅಲ್ಲಿ ಆಗಲೇ ಅಂಥ ಪ್ರಶ್ನೆ ಇದ್ದರೆ ಅದರ ಕೊಂಡಿಯನ್ನೇ ಕೊಡುತ್ತೇನೆ, ತಾಣದ ಹೆಸರನ್ನಷ್ಟೇ ಅಲ್ಲ. ಏನೇನು ತೆಗೆದುಕೊಂಡು ಹೋಗಬೇಕು ಎಂದೂ ಹೇಳುತ್ತೇನೆ: ಎರರ್ ಸಾಲು, ಆವೃತ್ತಿ, ಏನು ಮಾಡಿ ನೋಡಿದಿರಿ ಎಂಬುದು. ಎಲ್ಲಿಗೆ ಕಳಿಸಬೇಕು ಎಂದು ನನಗೇ ಖಾತ್ರಿ ಇಲ್ಲದಿದ್ದರೆ ಹಾಗೆಂದೇ ಹೇಳಿ, ಮೊದಲು ದೋಷ ಎಲ್ಲಿದೆ ಎಂದು ಹುಡುಕಲು ಜೊತೆಗೆ ಕೂರುತ್ತೇನೆ. ‘ಗೂಗಲ್ ಮಾಡಿ’ ಎನ್ನುವುದನ್ನು ಬಿಟ್ಟಿದ್ದೇನೆ. ಮಾಡಿ ಸಿಗದೇ ಇದ್ದುದಕ್ಕೇ ಅವರು ಬಂದಿರುತ್ತಾರೆ.

ಬೇಸರದ ಮಾತು ಕೇಳಿದಿರಿ. ಜನರಿಗೆ ಬೇಸರವಾಗುವುದು ‘ಇಲ್ಲಿ ಅಲ್ಲ’ ಎಂದಾಗ ಅಷ್ಟಾಗಿ ಅಲ್ಲ, ಎಲ್ಲಿ ಎಂದು ಹೇಳದೆ ಹಾಗೆಂದಾಗ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಒಂದೊಂದು ಲೇಖನಕ್ಕೂ ಬೇರೆ ಚರ್ಚೆ ಪುಟ ಇದ್ದೇ ಇದೆ. ಲೇಖನದ ಪ್ರಶ್ನೆಯನ್ನು ಯಾರಾದರೂ ಕಟ್ಟೆಯಲ್ಲಿ ಕೇಳಿದರೆ ಆ ಚರ್ಚೆ ಪುಟಕ್ಕೆ ಕರೆದುಕೊಂಡು ಹೋಗುವುದು ಸುಲಭ. ನಿಮ್ಮ ಗುಂಪಿನಲ್ಲೂ ಇಂಥ ಒಂದು ಕಟ್ಟೆ ಮಾಡಿ. ಟೆಲಿಗ್ರಾಂನಲ್ಲಿ ಗುಂಪಿನೊಳಗೇ ವಿಷಯಗಳನ್ನು ಬೇರೆ ಮಾಡುವ ಸೌಲಭ್ಯವಿದೆ. ‘ಎಲ್ಲಿ ಕೇಳಬೇಕು ಗೊತ್ತಿಲ್ಲ’ ಎಂದು ಒಂದಕ್ಕೆ ಹೆಸರಿಡಿ. ಅಲ್ಲಿ ಯಾವ ಪ್ರಶ್ನೆಯನ್ನೂ ತಪ್ಪು ಜಾಗ ಎನ್ನಬಾರದು. ಅಲ್ಲಿಂದ ಆಚೆಗೆ ದಾರಿ ತೋರಿಸುವುದು ನಿಮ್ಮಂಥ ನಾಲ್ಕು ಜನರ ಕೆಲಸ. ಹೋದವರು ಉತ್ತರ ಸಿಕ್ಕಿದ ಮೇಲೆ ಗುಂಪಿಗೆ ಬಂದು ಎರಡು ಸಾಲು ಕನ್ನಡದಲ್ಲಿ ಬರೆಯಲಿ. ಮುಂದಿನವರು ಅಷ್ಟು ದೂರ ಹೋಗುವುದು ತಪ್ಪುತ್ತದೆ.

ಕ್ರಾನ್ ಪರೀಕ್ಷೆಗೆ ರಾತ್ರಿ 10ರವರೆಗೆ ಕಾಯಬೇಡಿ. ಸಮಯವನ್ನು ಈಗಿನಿಂದ ಎರಡು ನಿಮಿಷ ಮುಂದಕ್ಕೆ ಇಟ್ಟು ಓಡಿಸಿ. ಲಾಗ್ ಫೈಲಿನ ಕೊನೆಯ ಸಾಲು ಏನಿದೆ ಎಂದು ನನಗೆ ಬರೆಯಿರಿ. ಅದರಲ್ಲಿ ಎನ್‌ಕೋಡ್ ಎಂಬ ಮಾತು ಇದ್ದರೆ ಬರೆಯುವುದೂ ಬೇಡ. ಕ್ರಾನ್ ಫೈಲಿನ ಮೇಲ್ಗಡೆ ಪೈಥಾನ್ ಐಓ ಎನ್‌ಕೋಡಿಂಗ್ (PYTHONIOENCODING) ಎಂಬ ಸೆಟ್ಟಿಂಗನ್ನು ಯುಟಿಎಫ್-8 ಎಂದು ಇಟ್ಟು, ಸ್ಕ್ರಿಪ್ಟಿನಲ್ಲಿ ಫೈಲ್ ತೆರೆಯುವ ಕಡೆಯೂ ಅದೇ ಎನ್‌ಕೋಡಿಂಗ್ ಬರೆದು ಇನ್ನೊಮ್ಮೆ ಓಡಿಸಿ ನೋಡಿ.